ಧಿಗಿಣ ಗಾಳಿಯಲ್ಲೇ ನಿಲ್ಲುತ್ತದೆ, ಎಂತ ಮಾಡುವುದು? ಅನಿಮೇಶನ್ ಗೊತ್ತಿದ್ದವರು ಹೇಳಿ

ನೀರ್ಚಾಲು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಟೀಚರ್. ಲಿಟಲ್ ಕೈಟ್ಸ್ ನೋಡಿಕೊಳ್ಳುವುದೂ ನಾನೇ. ಆಚೆ ಕರ್ನಾಟಕದಲ್ಲಿರುವವರಿಗೆ ಗೊತ್ತಿರಲಿಕ್ಕಿಲ್ಲ, ಕೇರಳದ ಶಾಲೆಗಳಲ್ಲಿ 2018ರಿಂದ ಇರುವ ಮಕ್ಕಳ ಐಟಿ ಕ್ಲಬ್ ಅದು. ಅನಿಮೇಶನ್ ಕೂಡ ಕಲಿಸುತ್ತೇವೆ.

ಈ ಸಲ ಮಕ್ಕಳು ಬ್ಲೆಂಡರ್ ಅನ್ನುವ ಅನಿಮೇಶನ್ ಸಾಫ್ಟ್‌ವೇರಿನಲ್ಲಿ ಒಂದು ನಿಮಿಷದ ಯಕ್ಷಗಾನ ಮಾಡಲು ಹೊರಟಿದ್ದಾರೆ. ಅಭಿಮನ್ಯುವಿನ ಪುಂಡುವೇಷ, ಅಂದರೆ ಚುರುಕಿನ ಯುವ ವೀರನ ವೇಷ. ವೇಷ ಚಂದವೇ ಬಂದಿದೆ, ಕಿರೀಟ, ಭುಜಕೀರ್ತಿ, ದಗಲೆ ಎಲ್ಲ ಕೂತು ಮಾಡಿದ್ದಾರೆ. ಕಷ್ಟ ಬಂದದ್ದು ಧಿಗಿಣದಲ್ಲಿ, ಅಂದರೆ ಹಾರಿ ಗಿರಕಿ ಹೊಡೆಯುವ ಕುಣಿತದಲ್ಲಿ. ಅಭಿಮನ್ಯು ಹಾರುತ್ತಾನೆ, ತಿರುಗುತ್ತಾನೆ, ಆದರೆ ಇಳಿಯುವುದಕ್ಕೆ ಅವನಿಗೆ ಮನಸ್ಸೇ ಇಲ್ಲ. ಮೆಲ್ಲ ಬಂದು ಕಾಲು ಊರುತ್ತಾನೆ. ಫೋನಿನಲ್ಲಿ ತೆಗೆದ ನಿಜವಾದ ಧಿಗಿಣದ ವಿಡಿಯೊವನ್ನೇ ಹಿಂದೆ ಇಟ್ಟುಕೊಂಡು ಅದರ ಮೇಲೆಯೇ ಕೀಫ್ರೇಮ್ (ಮುಖ್ಯ ಭಂಗಿಗಳ ಗುರುತು) ಹಾಕಿದ್ದು. ಆದರೂ ಹೀಗೆ.

ಇನ್ನೊಂದು ವಿಷಯವೂ ಉಂಟು. ಸ್ಟಾಫ್ ರೂಮಿನಲ್ಲಿ ಒಬ್ಬರು, "ಈಗ ಎಐಗೆ ಹೇಳಿದರೆ ವಿಡಿಯೊನೇ ಬರ್ತದಲ್ಲ ಟೀಚರ್, ಈ ಮಕ್ಕಳನ್ನು ಯಾಕೆ ಕೂರಿಸಿ ಸಾಯಿಸ್ತೀರಿ" ಅಂದರು. ಸುಮ್ನೆ ನಕ್ಕೆ, ಉತ್ತರ ಕೊಡಲಿಲ್ಲ. ನೀವೆಲ್ಲ ಎಂತ ಹೇಳ್ತೀರಿ?

ಗೆರೆಗಾರ, ಬದಿಯಡ್ಕ (ಈಗ ಬೆಂಗಳೂರು)

ಟೀಚರ್, ಮೊದಲು ಒಂದು ಪ್ರಶ್ನೆ. ಫೋನಿನ ವಿಡಿಯೊ ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಎಷ್ಟು ಚಿತ್ರ? ಬ್ಲೆಂಡರ್ ಸೀನ್ ಎಷ್ಟಕ್ಕೆ ಇಟ್ಟಿದ್ದೀರಿ? ಹೆಚ್ಚಿನ ಫೋನುಗಳು 30ರಲ್ಲಿ ತೆಗೆಯುತ್ತವೆ. ಬ್ಲೆಂಡರ್ ತೆರೆದಾಗ ತಾನಾಗಿ ಇರುವುದು 24. ವಿಡಿಯೊವನ್ನು ಹಿನ್ನೆಲೆ ಚಿತ್ರವಾಗಿ ಇಟ್ಟರೆ ಅದು ಸಮಯ ನೋಡುವುದಿಲ್ಲ, ಒಂದು ಫ್ರೇಮಿಗೆ ಒಂದು ಫ್ರೇಮ್ ತೋರಿಸುತ್ತಾ ಹೋಗುತ್ತದೆ. ಹಾಗಾಗಿ 1 ಸೆಕೆಂಡಿನ ಕುಣಿತ 1.25 ಸೆಕೆಂಡ್ ಆಗುತ್ತದೆ. ಮಕ್ಕಳು ನಿಯತ್ತಾಗಿ ನಕಲು ಮಾಡಿದ್ದಾರೆ, ಆದರೆ ನಿಧಾನ ಆದ ವಿಡಿಯೊವನ್ನು.

ಇದು ಸಣ್ಣ ವ್ಯತ್ಯಾಸ ಅಂತ ಕಾಣಬಹುದು. ಅಲ್ಲ. ಮನುಷ್ಯ ಅರ್ಧ ಸೆಕೆಂಡ್ ಗಾಳಿಯಲ್ಲಿದ್ದರೆ ಸುಮಾರು ಒಂದು ಅಡಿ ಎತ್ತರಕ್ಕೆ ಹೋಗಿ ಬರುತ್ತಾನೆ, ಅಂದರೆ 24ರ ಲೆಕ್ಕದಲ್ಲಿ 12 ಫ್ರೇಮ್. ಅದೇ 15 ಫ್ರೇಮ್ ಗಾಳಿಯಲ್ಲಿ ಇರಬೇಕಾದರೆ ಒಂದೂವರೆ ಅಡಿಗಿಂತ ಸ್ವಲ್ಪ ಜಾಸ್ತಿಯೇ ಹಾರಬೇಕು. ನಿಮ್ಮ ಅಭಿಮನ್ಯು ಒಂದು ಅಡಿ ಹಾರಿ 15 ಫ್ರೇಮ್ ಮೇಲಿದ್ದಾನೆ. ನೋಡುವವನಿಗೆ ಲೆಕ್ಕ ಗೊತ್ತಿಲ್ಲದಿದ್ದರೂ ಕಣ್ಣಿಗೆ ಗೊತ್ತಾಗುತ್ತದೆ, ಎಲ್ಲೋ ತಪ್ಪಿದೆ ಅಂತ.

ಎರಡನೇ ಕಾರಣವೂ ಇರಬಹುದು. ಕೆಳಗೆ ಒಂದು ಕೀ, ಮೇಲೆ ಒಂದು ಕೀ, ಪುನಃ ಕೆಳಗೆ ಒಂದು ಕೀ ಹಾಕಿದರೆ ನಡುವಿನದ್ದನ್ನು ಬ್ಲೆಂಡರ್ ತಾನೇ ತುಂಬಿಸುತ್ತದೆ, ಮತ್ತು ಎಲ್ಲ ಕಡೆ ನುಣುಪು ಮಾಡುತ್ತದೆ. ಮೆಲ್ಲ ಏಳುವುದು, ಮೆಲ್ಲ ಇಳಿಯುವುದು. ನಿಜವಾದ ಹಾರಾಟದಲ್ಲಿ ನೆಲ ಬಿಡುವಾಗ, ನೆಲ ಮುಟ್ಟುವಾಗಲೇ ವೇಗ ಜಾಸ್ತಿ. ನಿಧಾನ ಆಗುವುದು ತುದಿಯಲ್ಲಿ ಮಾತ್ರ. ಗ್ರಾಫ್ ಎಡಿಟರ್ ತೆರೆದು ನೆಲದ ಎರಡು ಕೀಗಳನ್ನು ಆರಿಸಿ, ವಿ ಒತ್ತಿ ವೆಕ್ಟರ್ ಮಾಡಿ, ಆಗ ಅಲ್ಲಿಯ ನುಣುಪು ಹೋಗುತ್ತದೆ. ಮೇಲಿನದ್ದನ್ನು ಹಾಗೇ ಬಿಡಿ. ಅಲ್ಲಿಗೆ ಅರ್ಧ ಕೆಲಸ ಆಯಿತು.

ಮಂಜೇಶ್ವರ ಮಾಣಿ

ನಾನು ಸ್ಟಾಫ್ ರೂಮಿನವರ ಕಡೆ 😄 ಇಷ್ಟು ಗ್ರಾಫ್, ಲೆಕ್ಕ ಯಾರಿಗೆ ಬೇಕು ಮಾರಾಯ್ರೇ. 2024ರಲ್ಲಿ ವಿಡಿಯೊ ಮಾಡುವ ಎಐ ಸೋರಾ ತೋರಿಸಿದಾಗಲೇ ಗೊತ್ತಾಗಿದೆ ಈ ಕೆಲಸ ಎಲ್ಲಿಗೆ ಹೋಗ್ತದೆ ಅಂತ. ಇನ್ನು ಐದು ವರ್ಷದಲ್ಲಿ ಕೀಫ್ರೇಮ್ ಹಾಕುವವರು ಇರ್ತಾರಾ?

ಗೆರೆಗಾರ, ಬದಿಯಡ್ಕ (ಈಗ ಬೆಂಗಳೂರು)

ಮಾಣಿ, ತೆಂಕುತಿಟ್ಟಿನ (ನಮ್ಮ ಕಡೆಯ ಯಕ್ಷಗಾನ ಶೈಲಿಯ) ಒಂದು ಪುಂಡುವೇಷ ಎಐಗೆ ಕೇಳಿ ನೋಡು. ಏನು ಬಂತು ಅಂತ ಇಲ್ಲಿ ಬಂದು ಹೇಳು.

ಮುಳ್ಳೇರಿಯ ಹಳಬ

ನಾನು ಬೊಂಬಾಯಿಯಲ್ಲಿ ಜಾಹೀರಾತು ಫಿಲ್ಮಿನ ಅನಿಮೇಶನ್ ಕೆಲಸದಲ್ಲಿದ್ದವನು, ಕಂಪ್ಯೂಟರ್ ಬರುವ ಮೊದಲು. ಈಗ ಅಡಿಕೆ ತೋಟ ನೋಡಿಕೊಂಡು ಊರಿನಲ್ಲಿದ್ದೇನೆ. ಈ ಚರ್ಚೆ ಓದಿ ಕೈ ತುರಿಸಿತು, ಅದಕ್ಕೆ ಉದ್ದ ಬರೆಯುತ್ತೇನೆ, ಬೇಸರ ಆದರೆ ದಾಟಿಕೊಂಡು ಹೋಗಿ.

ಮಕ್ಕಳಿಗೆ ಸೆಲ್ ಅಂದರೆ ಫೋನ್. ನಮಗೆ ಸೆಲ್ ಅಂದರೆ ಪಾರದರ್ಶಕ ಹಾಳೆ. ಕೆಳಗೆ ದೀಪ ಇರುವ ಗಾಜಿನ ಮೇಜು, ಅಂಚಿನಲ್ಲಿ ಮೊಳೆಗಳ ಪಟ್ಟಿ, ಹಾಳೆಯ ತೂತನ್ನು ಅದಕ್ಕೆ ಸಿಕ್ಕಿಸಿದರೆ ಒಂದು ಚಿತ್ರದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿತ್ತು. ದೊಡ್ಡ ಆರ್ಟಿಸ್ಟ್ ಮುಖ್ಯ ಭಂಗಿಗಳನ್ನು ಮಾತ್ರ ಬಿಡಿಸುತ್ತಾರೆ. ನಡುವಿನದ್ದೆಲ್ಲ ನಮ್ಮಂಥವರಿಗೆ. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೂ ಸೆಕೆಂಡಿಗೆ 12 ಚಿತ್ರ, ನಿಮಿಷಕ್ಕೆ 720. ಪೆನ್ಸಿಲ್ ಚಿತ್ರ ಆದ ಮೇಲೆ ಸೆಲ್ ಮೇಲೆ ಇಂಕು, ಆಮೇಲೆ ಹಾಳೆ ತಿರುಗಿಸಿ ಹಿಂಬದಿಯಿಂದ ಬಣ್ಣ. ಹಿಂಬದಿಯಿಂದ ಯಾಕೆ ಅಂದರೆ ಆಗ ಬಣ್ಣ ಗೆರೆಯ ಮೇಲೆ ಹತ್ತಿದರೂ ಎದುರಿನಿಂದ ಕಾಣುವುದಿಲ್ಲ. ಕೈಗೆ ಬಟ್ಟೆಯ ಗ್ಲೌಸು. ಒಂದು ಬೆರಳಚ್ಚು, ಒಂದು ಕೂದಲು ಇದ್ದರೂ ಪರದೆಯ ಮೇಲೆ ಕುಣಿಯುತ್ತದೆ. ಸೆಲ್ಲಿನ ಮೇಲೆ ಸೆಲ್ ಇಟ್ಟ ಹಾಗೆ ಕೆಳಗಿನ ಬಣ್ಣ ಸ್ವಲ್ಪ ಮಂಕಾಗುತ್ತದೆ, ಅದಕ್ಕೆ ಅದೇ ಕೆಂಪನ್ನು ಅಡಿ ಪದರಕ್ಕೆ ಒಂದು ಕಣ ತಿಳಿಯಾಗಿ ಕಲಸಬೇಕು. ಇದೆಲ್ಲ ಪುಸ್ತಕದಲ್ಲಿ ಓದಿ ಬರುವುದಲ್ಲ, ಪಕ್ಕದವನು ಬೈದು ಕಲಿಸಿದ್ದು.

ಯಂತ್ರ ಈ ಕೆಲಸಕ್ಕೆ ಕೈ ಹಾಕಿದ್ದು ಇವತ್ತು ನಿನ್ನೆಯಲ್ಲ. ಡಿಸ್ನಿಯವರು 1961ರ ನಾಯಿಮರಿಗಳ ಸಿನಿಮಾದಲ್ಲೇ ಪೆನ್ಸಿಲ್ ಗೆರೆಯನ್ನು ಸೆಲ್ ಮೇಲೆ ಜೆರಾಕ್ಸ್ ಹೊಡೆದರು, ಕೈಯಲ್ಲಿ ಇಂಕು ಹಾಕುವವರ ಕೆಲಸಕ್ಕೆ ಪೆಟ್ಟು ಬಿತ್ತು. 1990ರಲ್ಲಿ ಅವರದ್ದೇ ಇನ್ನೊಂದು ಸಿನಿಮಾಕ್ಕೆ ಇಂಕು, ಬಣ್ಣ ಪೂರ್ತಿ ಕಂಪ್ಯೂಟರಿನಲ್ಲಾಯಿತು. ಬಣ್ಣದ ಡಬ್ಬಿ ಹೋಯಿತು. 1995ರಲ್ಲಿ ಟಾಯ್ ಸ್ಟೋರಿ ಬಂದಾಗ ಪೆನ್ಸಿಲೂ ಹೋಗುತ್ತದೆ ಅಂತ ನಮ್ಮಲ್ಲಿ ಕೆಲವರು ಅಳುವುದು ಬಾಕಿ. ನನಗೆ ಬಣ್ಣ ತುಂಬುವ ಕೆಲಸ ಹೋದದ್ದಕ್ಕೆ ದುಃಖ ಇಲ್ಲ. ಬೆನ್ನು ನೋವು ಹೋಯಿತು, ಅಷ್ಟೇ. ದುಃಖ ಇರುವುದು ನಡುವಿನ ಚಿತ್ರಗಳ ಬಗ್ಗೆ. ಅದು ಕೂಲಿ ಕೆಲಸದ ಹಾಗೆ ಕಂಡರೂ ನಾವು ಕಲಿತದ್ದು ಅಲ್ಲೇ. ಎರಡು ಭಂಗಿಯ ನಡುವೆ ಕೈ ಎಲ್ಲಿ ಇರಬೇಕು? ಸರಿಯಾಗಿ ಮಧ್ಯದಲ್ಲಿಟ್ಟರೆ ಸತ್ತ ಕೈ. ಮೊದಲ ಭಂಗಿಗೆ ಹತ್ತಿರ ಇಟ್ಟರೆ ಭಾರ ಬರುತ್ತದೆ. ಇದನ್ನು ಸಾವಿರ ಸಲ ಕೈಯಿಂದ ಮಾಡಿದವನಿಗೆ ದೊಡ್ಡ ಆರ್ಟಿಸ್ಟ್ ಆಗುವ ಹೊತ್ತಿಗೆ ಯೋಚನೆ ಮಾಡಬೇಕಾಗಿರಲಿಲ್ಲ. ಈಗ ಆ ನಡುವಿನ ಮೆಟ್ಟಿಲನ್ನೇ ಕಂಪ್ಯೂಟರ್ ತೆಗೆದಿದೆ. ಹೊಸ ಹುಡುಗರು ನೇರ ಅಟ್ಟಕ್ಕೆ ಹತ್ತಬೇಕು.

ಟೀಚರ್, ನಿಮ್ಮ ಮಕ್ಕಳಿಗೆ ಒಂದು ಧಿಗಿಣವನ್ನಾದರೂ ಕಾಗದದ ಮೇಲೆ ಮಾಡಿಸಿ. ಕಡ್ಡಿ ಮನುಷ್ಯ ಸಾಕು. ಹನ್ನೆರಡು ಚಿತ್ರ.

ಕುಂಬಳೆ ಭಾವ

ನಾನು ಅನಿಮೇಶನ್ ಜನ ಅಲ್ಲ, ಮದ್ದಳೆ ಬಾರಿಸುವವ. ಆದರೂ ಹೇಳ್ತೇನೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನು ಯಕ್ಷಗಾನದ ವಿಷಯದಲ್ಲಿ ಸುಮ್ಮನೆ ಕೂತರೆ ಮರ್ಯಾದೆ ಅಲ್ಲ.

ನೀವೆಲ್ಲ ಚಿತ್ರದಿಂದ ಸುರು ಮಾಡ್ತಿದ್ದೀರಿ. ರಂಗಸ್ಥಳದಲ್ಲಿ ಹಾಗೆ ಅಲ್ಲ. ಮೊದಲು ತಾಳ. ವೇಷಧಾರಿ ಹಾರುವುದು ಚೆಂಡೆ ಹೇಳಿದಲ್ಲಿಗೆ, ಕಾಲು ಊರುವುದು ಪೆಟ್ಟು ಬಿದ್ದಲ್ಲಿಗೆ. ಧಿಗಿಣ ತೆಗೆಯುವ ಮೊದಲು ಮೊಣಕಾಲು ಮಡಚಿ ಒಂದು ಕ್ಷಣ ಕುಗ್ಗುತ್ತಾನಲ್ಲ, ಅಲ್ಲಿ ನಮ್ಮ ಕಣ್ಣು ಅವನ ಮೇಲೆ ಇರುತ್ತದೆ. ಅವನು ಕುಗ್ಗಿದ್ದು ನೋಡಿದರೇ ಗೊತ್ತಾಗುತ್ತದೆ ಎಷ್ಟು ಎತ್ತರ ಹೋಗ್ತಾನೆ, ಎಷ್ಟು ಸುತ್ತು ಬಾಕಿ ಉಂಟು ಅಂತ. ನಿಮ್ಮ ಅಭಿಮನ್ಯು ಕುಗ್ಗುತ್ತಾನಾ? ಇಲ್ಲ ನಿಂತಲ್ಲಿಂದ ಎದ್ದು ಹೋಗ್ತಾನಾ?

ಇನ್ನೊಂದು. ಅವನು ಇಳಿದ ಮೇಲೂ ಬಾಲುಮುಂಡು, ಸೋಗೆವಲ್ಲಿ ಇಳಿದಿರುವುದಿಲ್ಲ. ಕಾಲು ನೆಲದಲ್ಲಿ, ಬಟ್ಟೆ ಇನ್ನೂ ಸುತ್ತುತ್ತಾ ಇರುತ್ತದೆ. ಅದು ಕೂರುವ ಮೊದಲೇ ಮುಂದಿನ ಸುತ್ತು. ಧಿಗಿಣದ ಚಂದ ಅರ್ಧ ಇರುವುದು ಅಲ್ಲಿ.

ಕಾಸರಗೋಡಿನ ಯಕ್ಷಗಾನ ಬೊಂಬೆಯಾಟ ನೋಡಿದ್ದೀರಲ್ಲ? ಆ ಗೊಂಬೆಗೆ ಕೆಲವೇ ದಾರ. ಆಡಿಸುವವರು ಎಲ್ಲ ಕೀಲನ್ನೂ ಎಳೆಯಲಿಕ್ಕೆ ಹೋಗುವುದಿಲ್ಲ, ಬೇಕಾದ್ದನ್ನು ಎಳೆದು ಉಳಿದದ್ದನ್ನು ಅದರ ತೂಕಕ್ಕೆ ಬಿಡ್ತಾರೆ. ಕಂಪ್ಯೂಟರ್ ಗೊಂಬೆಗೂ ಒಳಗೆ ಹೀಗೇ ಏನೋ ಎಲುಬು, ಹಿಡಿ ಎಲ್ಲ ಉಂಟಂತೆ, ನನ್ನ ಅಳಿಯ ಹೇಳ್ತಿದ್ದ. ಮಕ್ಕಳನ್ನು ಒಮ್ಮೆ ಬೊಂಬೆಯಾಟಕ್ಕೆ ಕರಕೊಂಡು ಹೋಗಿ.

ಗೆರೆಗಾರ, ಬದಿಯಡ್ಕ (ಈಗ ಬೆಂಗಳೂರು)

ಭಾವ, ನಮಗೆ ಕ್ಲಾಸಿನಲ್ಲಿ ದುಡ್ಡು ತೆಗೆದುಕೊಂಡು ಕಲಿಸಿದ್ದು ಇದನ್ನೇ. ಕುಗ್ಗುವುದು, ಬಟ್ಟೆ ತಡವಾಗಿ ಬರುವುದು, ಇದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದೊಂದು ಹೆಸರು ಇಟ್ಟಿದ್ದಾರೆ, ಒಟ್ಟು 12 ಸೂತ್ರ ಅಂತ.

ತಾಳದ ಮಾತು ಬಂಗಾರ. ಹಳೆ ಸ್ಟುಡಿಯೊಗಳಲ್ಲೂ ಸಂಗೀತ ಮೊದಲು ಲೆಕ್ಕ ಹಾಕುತ್ತಿದ್ದರು. ನಿಮಿಷಕ್ಕೆ 120 ಪೆಟ್ಟಿನ ಲಯ ಆದರೆ ಒಂದು ಪೆಟ್ಟಿಗೆ ಸರಿಯಾಗಿ 12 ಫ್ರೇಮ್. 144 ಆದರೆ 10 ಫ್ರೇಮ್. ಟೀಚರ್, ಮೊದಲು ಚೆಂಡೆ ಮದ್ದಳೆ ರೆಕಾರ್ಡ್ ಮಾಡಿ ಟೈಮ್‌ಲೈನಿಗೆ ಹಾಕಿ, ಪೆಟ್ಟು ಬೀಳುವ ಫ್ರೇಮಿನಲ್ಲಿ ಮಾರ್ಕರ್ ಇಡಿ. ಕಾಲು ಆ ಫ್ರೇಮಿಗೋ, ಅದಕ್ಕಿಂತ ಒಂದು ಫ್ರೇಮ್ ಮೊದಲೋ ನೆಲ ಮುಟ್ಟಲಿ. ತಡವಾಗಿ ಮುಟ್ಟಿದರೆ ಮಾತ್ರ ಕೆಟ್ಟದಾಗಿ ಕಾಣುತ್ತದೆ.

ಹಳಬರಿಗೆ ಒಂದು ತಕರಾರು. ನಡುವಿನ ಚಿತ್ರ ಹೋಯಿತು ಅನ್ನುತ್ತೀರಿ. ಕಂಪ್ಯೂಟರ್ ಕೊಟ್ಟ ನಡುವನ್ನು ಹಾಗೇ ಬಿಡುವವರು ಕಲಿಯುವುದಿಲ್ಲ, ಅದು ನಿಜ. ಆದರೆ ನಿಮ್ಮ ಕಾಲದಲ್ಲಿ ಚಲನೆ ಸರಿ ಬಂತಾ ಅಂತ ನೋಡಬೇಕಾದರೆ ಫಿಲ್ಮ್ ತೊಳೆದು ಬರುವ ತನಕ ಕಾಯಬೇಕಿತ್ತು. ನಮ್ಮ ಮಕ್ಕಳು ಸ್ಪೇಸ್ ಬಾರ್ ಒತ್ತಿ ಈಗಲೇ ನೋಡುತ್ತಾರೆ. ತಪ್ಪು ಕಂಡ ತಕ್ಷಣ ತಿದ್ದಿ ಪುನಃ ನೋಡುತ್ತಾರೆ. ಅದೂ ಒಂದು ಗುರುವೇ.

ಮುಳ್ಳೇರಿಯ ಹಳಬ

ಹಾಳೆಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಫರ್ ಅಂತ ಬಿಟ್ಟರೆ ನಮಗೂ ಆಗಲೇ ಕಾಣುತ್ತಿತ್ತು ಮಾರಾಯ. ಆದರೆ ಒಪ್ಪುತ್ತೇನೆ, ಐದು ಹಾಳೆ ಮಾತ್ರ ಹಿಡಿಯಲಿಕ್ಕೆ ಆಗುವುದು.

ಮಂಜೇಶ್ವರ ಮಾಣಿ

ಗೆರೆಗಾರಣ್ಣ, ಕೇಳಿ ನೋಡಿದೆ. ಪುಂಡುವೇಷ ಅಂದರೆ ಕಥಕಳಿಯ ಕಿರೀಟ ಬಂತು. ತೆಂಕುತಿಟ್ಟು ಅಂತ ಬಿಡಿಸಿ ಬರೆದೆ, ಎದೆಯ ಆಭರಣ ಸುತ್ತು ಬರುವಷ್ಟರಲ್ಲಿ ಬೇರೆ ಆಯಿತು. ಮೂರನೆಯದರಲ್ಲಿ ಕಾಲೇ ಮೂರು 😂 ಸರಿ, ಇವತ್ತಿಗೆ ಆಗುವುದಿಲ್ಲ, ಒಪ್ಪಿದೆ.

ಆದರೆ ನನ್ನ ಮಾತು ಪೂರ್ತಿ ತೆಗೆದು ಹಾಕಬೇಡಿ. ನಮ್ಮ ಊರಿನಲ್ಲಿ ಸ್ಟುಡಿಯೊ ಎಲ್ಲಿ ಉಂಟು? ಬೆಂಗಳೂರಿಗೆ ಹೋಗಬೇಕು ಇಲ್ಲ ತಿರುವನಂತಪುರಕ್ಕೆ ಹೋಗಬೇಕು. ಕೋರ್ಸಿಗೆ ಲಕ್ಷಗಟ್ಟಲೆ. ನನ್ನ ದೋಸ್ತಿಯೊಬ್ಬ ಹಾಗೆ ಒಂದು ಕಡೆ ಫೀಸು ಕಟ್ಟಿದ, ಕಲಿಸಿದ್ದು ಯೂಟ್ಯೂಬಿನಲ್ಲಿ ಸುಮ್ನೆ ಸಿಗುವುದನ್ನೇ. ಟೂಲ್ ಅಗ್ಗ ಆದರೆ ಲಾಭ ಮೊದಲು ನಮ್ಮಂಥವರಿಗೆ. 2025ರಲ್ಲಿ ಆಸ್ಕರ್ ಹೊಡೆದ ಆ ಲಾಟ್ವಿಯಾದ ಬೆಕ್ಕಿನ ಸಿನಿಮಾ, ಫ್ಲೋ, ಅದನ್ನು ಮಾಡಿದ್ದು ಬ್ಲೆಂಡರ್‌ನಲ್ಲೇ, ಟೀಚರ್ ಶಾಲೆಯಲ್ಲಿ ಇರುವ ಅದೇ ಬ್ಲೆಂಡರ್. ಎಐ ಕೂಡ ಹಾಗೆ ಒಂದು ಟೂಲ್ ಅಂತ ಯಾಕೆ ನೋಡಬಾರದು? ಹಿನ್ನೆಲೆಯ ಗುಡ್ಡ, ತೋಟ ಅದರಲ್ಲಿ ಮಾಡಿಸಿ ಅಭಿಮನ್ಯುವನ್ನು ಮಕ್ಕಳು ಕುಣಿಸಲಿ.

ಗೆರೆಗಾರ, ಬದಿಯಡ್ಕ (ಈಗ ಬೆಂಗಳೂರು)

ಬ್ಲೆಂಡರ್ ಮಾತು ಪೂರ್ತಿ ಒಪ್ಪಿದೆ. ಅದು ಮೊದಲು ಒಂದು ಕಂಪನಿಯ ಸೊತ್ತಾಗಿತ್ತು, ಕಂಪನಿ ಮುಳುಗಿದಾಗ 2002ರಲ್ಲಿ ಬಳಸುವವರೇ 1 ಲಕ್ಷ ಯೂರೊ ಒಟ್ಟು ಮಾಡಿ ಅದನ್ನು ಎಲ್ಲರದ್ದಾಗಿ ಮಾಡಿಕೊಂಡರು. ಕೈಯಿಂದ ಬಿಡಿಸುವವರಿಗೆ ಓಪನ್‌ಟೂನ್ಜ್ ಉಂಟು. ಗಿಬ್ಲಿಯಂಥ ಜಪಾನಿನ ಸ್ಟುಡಿಯೊ ತನಗೆ ಬೇಕಾದ ಹಾಗೆ ಮಾಡಿಸಿಕೊಂಡಿದ್ದ ಸಾಫ್ಟ್‌ವೇರ್, 2016ರಿಂದ ಉಚಿತ. ನಾನು ಕಲಿಯುವಾಗ ಇಂಥದ್ದಕ್ಕೆ ಕಳ್ಳ ಸಿಡಿ ಹುಡುಕಿಕೊಂಡು ಹೋಗಬೇಕಿತ್ತು.

ಎಐ ಮಾತು ಬೇರೆ. ಬ್ಲೆಂಡರ್‌ನಲ್ಲಿ "ಈ ಕೈ ನಾಲ್ಕು ಫ್ರೇಮ್ ಮೊದಲು ಏಳಲಿ" ಅಂದರೆ ಅದೊಂದೇ ಬದಲಾಗುತ್ತದೆ. ಎಐಗೆ ಹೇಳಿದರೆ ಹೆಚ್ಚಾಗಿ ಇಡೀ ಶಾಟ್ ಹೊಸದಾಗಿ ಬರುತ್ತದೆ, ಕೈಯ ಜೊತೆ ಮುಖವೂ ಬೇರೆ ಆಗಬಹುದು. ಡೈರೆಕ್ಟರ್ ತಿದ್ದುಪಡಿ ಹೇಳುವುದೇ ನಮ್ಮ ಕೆಲಸದ ಮುಕ್ಕಾಲು ಭಾಗ, ಅಲ್ಲಿಗೇ ಅದು ಇನ್ನೂ ಪೂರ್ತಿ ಬಂದಿಲ್ಲ. ಹಿನ್ನೆಲೆಗೆ ಬಳಸುವುದರ ಬಗ್ಗೆ ನನಗೆ ಮಡಿ ಇಲ್ಲ. ಆದರೆ ಅದು ಕಲಿತದ್ದು ಯಾರ ಯಾರ ಚಿತ್ರ ನೋಡಿ, ಅವರಿಗೆ ಒಂದು ಪೈಸೆ ಹೋಯಿತಾ, ಇದನ್ನು ಕೇಳದೆ ಬಿಡಲೂ ಆಗುವುದಿಲ್ಲ. ನನ್ನ ಜೊತೆ ಇದ್ದ ಹಿನ್ನೆಲೆ ಬಿಡಿಸುವ ಇಬ್ಬರಿಗೆ ಈಗ ಕೆಲಸ ಕಡಿಮೆ ಆಗಿದೆ.

ಮತ್ತೆ ಒಂದು ಮಾತು, ನುಣುಪು ಇದ್ದರೆ ಒಳ್ಳೆಯದು ಅನ್ನುವ ಭ್ರಮೆ ಬೇಡ. 2018ರ ಸ್ಪೈಡರ್‌ಮ್ಯಾನ್ ಅನಿಮೇಶನ್ ಸಿನಿಮಾದಲ್ಲಿ ಕಂಪ್ಯೂಟರ್ 24 ಭಂಗಿ ಕೊಡಬಲ್ಲದಾದರೂ ಹುಡುಗನನ್ನು ಹಲವು ಕಡೆ ಸೆಕೆಂಡಿಗೆ 12 ಭಂಗಿಯಲ್ಲೇ ಓಡಿಸಿದ್ದಾರೆ, ಅದೇ ಶಾಟಿನಲ್ಲಿ ಅನುಭವ ಇರುವ ದೊಡ್ಡವನಿಗೆ 24. ಹುಡುಗ ಇನ್ನೂ ಕಲಿಯುತ್ತಿದ್ದಾನೆ ಅಂತ ಬಾಯಿಬಿಟ್ಟು ಹೇಳದೆ ತೋರಿಸಿದ್ದು.

ಉಪ್ಪಳದ ಅಕ್ಕ

ನಾನು ಕಾರ್ಟೂನ್‌ಗಳಿಗೆ ಕನ್ನಡ ಡಬ್ಬಿಂಗ್ ಮಾಡುತ್ತೇನೆ. ನಿಮ್ಮ ಅಭಿಮನ್ಯು ಮಾತಾಡುತ್ತಾನಾ ಟೀಚರ್? ಅರ್ಥ ಹೇಳುತ್ತಾನೆ ಅಂತಾದರೆ ತುಟಿಯ ವಿಷಯ ಈಗಲೇ ಯೋಚಿಸಿ.

ಇಂಟರ್ನೆಟ್ಟಿನಲ್ಲಿ ಸಿಗುವ ಬಾಯಿಯ ಚಾರ್ಟ್ ಎಲ್ಲ ಇಂಗ್ಲಿಷಿಗೆ ಮಾಡಿದ್ದು. ಕನ್ನಡದಲ್ಲಿ ಒತ್ತಕ್ಷರ ಬಂದಾಗ ಅದು ಕೈ ಕೊಡುತ್ತದೆ. "ಅಮ" ಅಂದರೆ ತುಟಿ ಮುಚ್ಚಿ ತೆಗೆಯಲಿಕ್ಕೆ ಎರಡು ಫ್ರೇಮ್ ಸಾಕು. "ಅಮ್ಮ" ಅಂದರೆ ನಾಲ್ಕೈದು ಫ್ರೇಮ್ ಮುಚ್ಚಿಯೇ ಇರಬೇಕು. ಕನ್ನಡಿಯ ಎದುರು ಹೇಳಿ ನೋಡಿ. ಹೆಚ್ಚಿನ ಡಬ್ಬಿಂಗ್ ಕಾರ್ಟೂನಿನಲ್ಲಿ ಅಮ್ಮ, ಅಪ್ಪ, ಹಬ್ಬ ಬಂದಾಗೆಲ್ಲ ಬಾಯಿ ಪಟಪಟ ಅನ್ನುತ್ತದೆ, ಮಾತು ಒಂದು ಕಡೆ, ಬಾಯಿ ಒಂದು ಕಡೆ. ಅದು ನಮ್ಮ ಧ್ವನಿಯ ತಪ್ಪಲ್ಲ, ಚಿತ್ರ ಬೇರೆ ಭಾಷೆಗೆ ಬರೆದದ್ದು. ಮಕ್ಕಳು ಕನ್ನಡದಲ್ಲೇ ಮೊದಲು ಮಾಡುತ್ತಿದ್ದಾರಲ್ಲ, ಈ ಒಂದು ಭಾಗ್ಯ ನಮಗೆ ಸಿಗುವುದು ಬಹಳ ಅಪರೂಪ.

ರುಬಾರ್ಬ್ ಲಿಪ್‌ಸಿಂಕ್ ಅಂತ ಒಂದು ಉಚಿತ ಟೂಲ್ ಇದೆ, ಧ್ವನಿ ಕೊಟ್ಟರೆ ಬಾಯಿಯ ಆಕಾರ ಹೇಳುತ್ತದೆ. ಅದರಲ್ಲಿ ಫೊನೆಟಿಕ್ ಅನ್ನುವುದನ್ನು ಆರಿಸಬೇಕು, ಇಲ್ಲದಿದ್ದರೆ ಕನ್ನಡವನ್ನು ಇಂಗ್ಲಿಷ್ ಅಂತ ಕೇಳಿಸಿಕೊಂಡು ಏನೇನೋ ಕೊಡುತ್ತದೆ. ಆಮೇಲೆ ಒತ್ತಕ್ಷರ ಇರುವಲ್ಲಿ ಮಾತ್ರ ಕೈಯಿಂದ ಸರಿ ಮಾಡಿ.

ಭಾಗವತರ ಪದ್ಯ ಬಂದರೆ ಇನ್ನೊಂದು ಕಷ್ಟ. "ಆ" ಅಂತ ಉದ್ದ ಎಳೆಯುವಾಗ ಬಾಯಿಯನ್ನು ಒಂದೇ ಆಕಾರದಲ್ಲಿ ಬಿಟ್ಟರೆ ಮರದ ಮುಖ. ಗದ್ದ, ಹುಬ್ಬು ಸ್ವಲ್ಪ ಸ್ವಲ್ಪ ಅಲ್ಲಾಡಬೇಕು.

ನೀರ್ಚಾಲು ಟೀಚರ್

ಅಬ್ಬಾ, ಇಷ್ಟು ಉತ್ತರ! ನೋಡಿದೆವು. ವಿಡಿಯೊ 30, ಸೀನ್ 24. ವಿಡಿಯೊವನ್ನು ಬದಲಾಯಿಸಿ ಹಾಕಿ, ವೆಕ್ಟರ್ ಕೂಡ ಮಾಡಿದ ಮೇಲೆ ಅಭಿಮನ್ಯು ಧಪ್ ಅಂತ ಇಳಿದ. ಕ್ಲಾಸಿನಲ್ಲಿ ಚಪ್ಪಾಳೆ. ಕುಗ್ಗುವುದು ಇರಲೇ ಇಲ್ಲ ಭಾವ, ನೀವು ಹೇಳಿದ್ದೇ ಸರಿ, ಒಬ್ಬ ಹುಡುಗಿ ಕೂತು ಆರು ಫ್ರೇಮ್ ಸೇರಿಸಿದಳು. ಅವಳು ಮೊದಲು ಕಾಗದದಲ್ಲಿ ಕಡ್ಡಿ ಮನುಷ್ಯ ಬಿಡಿಸಿ ನೋಡಿಕೊಂಡಳು, ಹಳಬರಿಗೆ ಹೇಳಿ ಅಂದಿದ್ದಾಳೆ. ಬಾಲುಮುಂಡು ಇನ್ನೂ ಬಾಕಿ.

ಈಗ ಹೊಸ ತಲೆಬಿಸಿ. ಶಾಲೆಯ ಲ್ಯಾಪ್‌ಟಾಪ್ ಹಳತು, ಒಂದು ಫ್ರೇಮ್ ರೆಂಡರ್ ಆಗಲಿಕ್ಕೆ, ಅಂದರೆ ಅಂತಿಮ ಚಿತ್ರವಾಗಿ ಬರಲಿಕ್ಕೆ, ಹತ್ತಿರ ಹತ್ತಿರ ಒಂದು ನಿಮಿಷ. ಮಳೆಗಾಲ ಬೇರೆ, ಕರೆಂಟ್ ಯಾವಾಗ ಹೋಗ್ತದೆ ಹೇಳಲಿಕ್ಕೆ ಆಗುವುದಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿಯೂ ಅಷ್ಟಕ್ಕಷ್ಟೆ.

ಗೆರೆಗಾರ, ಬದಿಯಡ್ಕ (ಈಗ ಬೆಂಗಳೂರು)

ಒಂದು ನಿಮಿಷದ ಸಿನಿಮಾ ಅಂದರೆ 1440 ಫ್ರೇಮ್, ಫ್ರೇಮಿಗೆ ಒಂದು ನಿಮಿಷ ಆದರೆ ಸರಿಯಾಗಿ 24 ಗಂಟೆ. ನೇರ ವಿಡಿಯೊ ಫೈಲಿಗೆ ರೆಂಡರ್ ಕೊಡಲೇಬೇಡಿ. ನಡುವೆ ಕರೆಂಟ್ ಹೋದರೆ ಇಡೀ ಫೈಲ್ ಹಾಳು. ಪಿಎನ್‌ಜಿ ಚಿತ್ರಗಳಾಗಿ ಕೊಡಿ, ಫ್ರೇಮಿಗೆ ಒಂದು ಫೈಲ್. 612ರಲ್ಲಿ ನಿಂತರೆ 613ರಿಂದ ಮುಂದುವರಿಸಬಹುದು. ಕೊನೆಯಲ್ಲಿ ಎಲ್ಲ ಸೇರಿಸಿ ವಿಡಿಯೊ. ಬ್ಲೆಂಡರ್‌ನಲ್ಲಿ ರೆಂಡರ್ ಮಾಡಲು ಎರಡು ದಾರಿ ಉಂಟು, ನಿಧಾನದ ಸೈಕಲ್ಸ್, ಬೇಗದ ಈವೀ. ಸೈಕಲ್ಸ್‌ನಲ್ಲಿ ಇದ್ದರೆ ಈವೀಗೆ ಬದಲಾಯಿಸಿ ನೋಡಿ, ಮಾಣಿ ಹೇಳಿದ ಬೆಕ್ಕಿನ ಸಿನಿಮಾ ಕೂಡ ಈವೀಯಲ್ಲೇ ಮಾಡಿದ್ದು. ಲ್ಯಾಬಿನಲ್ಲಿ ನಾಲ್ಕು ಲ್ಯಾಪ್‌ಟಾಪ್ ಇದ್ದರೆ ಒಂದೊಂದಕ್ಕೆ 360 ಫ್ರೇಮ್ ಹಂಚಿ, ಎಲ್ಲದರಲ್ಲೂ ಬ್ಲೆಂಡರ್ ಒಂದೇ ವರ್ಶನ್ ಇರಲಿ.

ಮಂಜೇಶ್ವರ ಮಾಣಿ

ಟೀಚರ್, ನನ್ನ ಹತ್ತಿರ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಉಂಟು, ಗೇಮಿಗೆ ತೆಗೆದದ್ದು. ಫೈಲ್ ಪೆನ್‌ಡ್ರೈವಿನಲ್ಲಿ ಕೊಡಿ, ರಾತ್ರಿ ಹಾಕಿ ಮಲಗ್ತೇನೆ. ಹಿನ್ನೆಲೆಯ ಗುಡ್ಡ ಎಐಯಲ್ಲಿ ಮಾಡಿ ಕೊಡುವ ಆಫರ್ ಇನ್ನೂ ಉಂಟು 😉

ನೀರ್ಚಾಲು ಟೀಚರ್

ಪಿಸಿಗೆ ಥ್ಯಾಂಕ್ಸ್ ಮಾಣಿ, ಗುಡ್ಡ ಬೇಡ. ಹಿನ್ನೆಲೆಗೆ ಎಂತ ಇಡುವುದು ಅಂತ ಮಕ್ಕಳಲ್ಲೇ ಎರಡು ಪಾರ್ಟಿ ಆಗಿದೆ. ಒಬ್ಬರಿಗೆ ಬೇಕಲ ಕೋಟೆ ಬೇಕು, ಇನ್ನೊಬ್ಬರಿಗೆ ಬರೀ ರಂಗಸ್ಥಳ ಸಾಕು. ಭಾವ, ಚೆಂಡೆ ಮದ್ದಳೆ ರೆಕಾರ್ಡಿಗೆ ನಿಮ್ಮ ಮನೆಗೇ ಬರಬಹುದಾ? ಭಾನುವಾರ ಬೆಳಿಗ್ಗೆ?

ಕುಂಬಳೆ ಭಾವ

ಭಾನುವಾರ ತಾಳಮದ್ದಳೆ ಉಂಟು. ಶನಿವಾರ ಮಧ್ಯಾಹ್ನ ಮೇಲೆ ಬನ್ನಿ, ಚೆಂಡೆಯವನನ್ನೂ ಕರೆದಿಡ್ತೇನೆ. ಮಕ್ಕಳು ಎಷ್ಟು ಜನ ಅಂತ ಮೊದಲೇ ಹೇಳಿ, ಊಟಕ್ಕೆ ಲೆಕ್ಕ ಬೇಕು.